ಕೇಳದ ಕೂಸಿನ ಒಳಗಿವಿ: ರಚನೆ, ಕೊರತೆ ಮತ್ತು ನಮ್ಮ ಕರ್ತವ್ಯ



ನಮ್ಮ ಭಾಗದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಬಾಗಿ ಅದರ ಕಿವಿಯಲ್ಲಿ ‘ಕುರ್ರ್’ ಎಂದು ಕೂಗಿ ಹೆಸರು ಹೇಳುತ್ತಾಳೆ. ಮುಂದೆ ದೀಕ್ಷೆಯ ಕಾಲಕ್ಕೆ ಶ್ರೀಗುರುವು ಮಂತ್ರವನ್ನು ಉಪದೇಶಿಸುವುದೂ ಕಿವಿಯಲ್ಲಿಯೇ. ಹೆಸರು ಮತ್ತು ಮಂತ್ರ ಎರಡೂ ಒಳಸೇರುವ ಬಾಗಿಲು ಒಂದೇ. ಆದರೆ ಆ ಬಾಗಿಲಿನ ಆಚೆಗೆ ಏನಿದೆ, ಅಲ್ಲಿ ಕೊರತೆಯಾದರೆ ಏನಾಗುತ್ತದೆ ಎಂಬುದನ್ನು ನಾವು ವಿಚಾರಿಸುವುದು ಬಹಳ ಕಡಿಮೆ.

ಹುಟ್ಟುವ ಪ್ರತಿ 1000 ಕೂಸುಗಳಲ್ಲಿ ಒಂದೆರಡಕ್ಕಾದರೂ ಹುಟ್ಟಿನಿಂದಲೇ ತೀವ್ರವಾದ ಶ್ರವಣದೋಷವಿರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ತಂದೆತಾಯಂದಿರು ಇಂಥ ಮಕ್ಕಳನ್ನು ಬೆಳಗಾವಿಗೋ ಮೀರಜ, ಸಾಂಗಲಿ, ಕೊಲ್ಲಾಪುರಗಳಿಗೋ ಕರೆದೊಯ್ಯುತ್ತಾರೆ. ಮರಳುವಾಗ ಕೈಯಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ ಇರುತ್ತದೆ. ಅದರಲ್ಲಿ ಬರೆದ ಮಾತುಗಳು ಮಾತ್ರ ತಿಳಿದಿರುವುದಿಲ್ಲ. ತಿಳಿಯದ ಮಾತು ಭಯವನ್ನು ಹುಟ್ಟಿಸುತ್ತದೆ. ಭಯವು ಕಾಲಹರಣಕ್ಕೆ ಕಾರಣವಾಗುತ್ತದೆ. ಈ ರೋಗದಲ್ಲಿ ಕಳೆದ ಕಾಲವನ್ನು ಮರಳಿ ಪಡೆಯಲಾಗದು. ಆದಕಾರಣ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಒಳಗಿವಿಯ ರಚನೆಯನ್ನೂ, ಆ ವರದಿಯ ಮಾತುಗಳ ಅರ್ಥವನ್ನೂ ಕ್ರಮವಾಗಿ ವಿವರಿಸಲು ಪ್ರಯತ್ನಿಸುತ್ತೇವೆ.

ಕಿವಿ ಎಂಬ ಮನೆ

ನಮ್ಮ ಹಳೆಯ ಮನೆಗಳಲ್ಲಿ ಮೊದಲು ಕಟ್ಟೆ, ಅನಂತರ ಪಡಸಾಲೆ, ಎಲ್ಲಕ್ಕೂ ಒಳಗೆ ದೇವರ ಕೋಣೆ ಇರುವಂತೆ ಕಿವಿಯಲ್ಲಿಯೂ ಮೂರು ಭಾಗಗಳಿವೆ. ಕಣ್ಣಿಗೆ ಕಾಣುವ ಆಲೆ ಮತ್ತು ಅದರ ಕೊಳವೆ ಹೊರಗಿವಿ. ಕೊಳವೆಯ ತುದಿಯಲ್ಲಿ ತಮಟೆಯ ಚರ್ಮದಂತೆ ಬಿಗಿದ ತೆಳುವಾದ ಪೊರೆಯಿದೆ. ಅದರ ಆಚೆಗೆ ನಡುಗಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಆಕಾರದ ಮೂರು ಪುಟ್ಟ ಎಲುಬುಗಳಿವೆ. ರಿಕಾಪಿನ ಎಲುಬು ದೇಹದ ಎಲುಬುಗಳಲ್ಲೆಲ್ಲ ಅತಿ ಚಿಕ್ಕದು; ಅದರ ಎತ್ತರ ಸುಮಾರು ಮೂರು ಮಿಲಿಮೀಟರ್. ಗಾಳಿಯ ಅಲೆ ಪೊರೆಯನ್ನು ನಡುಗಿಸಿದರೆ, ಪೊರೆಯು ಈ ಎಲುಬುಗಳನ್ನು ಅಲುಗಿಸುತ್ತದೆ. ರಿಕಾಪು ಒಳಗಿವಿಯ ಕಿಟಕಿಯನ್ನು ತಟ್ಟುತ್ತದೆ.

ಒಳಗಿವಿಯು ತಲೆಯ ಪಾರ್ಶ್ವದ, ಬಹು ಗಟ್ಟಿಯಾದ ಎಲುಬಿನೊಳಗೆ ಕೊರೆದ ಸಣ್ಣ ಗುಹೆ. ಅದರಲ್ಲಿ ಎರಡು ಕೆಲಸದ ಅಂಗಗಳಿವೆ. ಮುಂದೆ ಶಂಖದಂತೆ ಸುರುಳಿ ಸುತ್ತಿರುವುದು ಕೇಳುವ ಅಂಗ. ವೈದ್ಯರು ಇದನ್ನು ಕಾಕ್ಲಿಯಾ ಎನ್ನುತ್ತಾರೆ. ನಾವು ಇಲ್ಲಿ ಶಂಖವೆಂದೇ ಕರೆಯೋಣ. ಹಿಂದೆ ಮೂರು ದಿಕ್ಕಿಗೆ ನಿಂತಿರುವ ಮೂರು ಅರ್ಧವೃತ್ತದ ನಾಳಗಳು ಮತ್ತು ಎರಡು ಚೀಲಗಳು ದೇಹದ ತೂಕವನ್ನು ಸರಿಯಾಗಿ ಹಿಡಿಯುವ ಅಂಗ. ಕೇಳುವುದಕ್ಕೂ ಬೀಳದೆ ನಿಲ್ಲುವುದಕ್ಕೂ ಒಂದೇ ಗುಹೆ, ಒಂದೇ ದ್ರವ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಇದರಿಂದ ಒಂದು ಮುಖ್ಯವಾದ ಎಚ್ಚರಿಕೆ ಹೊರಡುತ್ತದೆ.

ಶಂಖಕ್ಕೆ ಎರಡೂವರೆಗಿಂತ ತುಸು ಹೆಚ್ಚು ಸುತ್ತುಗಳು. ಬಿಡಿಸಿ ನೀಳವಾಗಿ ಹಿಡಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್. ಒಳಗೆ ದ್ರವ ತುಂಬಿದ ಮೂರು ಕಾಲುವೆಗಳು ಒಂದರ ಪಕ್ಕದಲ್ಲಿ ಒಂದು ಹರಿದಿವೆ. ನಡುವಿನ ಕಾಲುವೆಯಲ್ಲಿ ಕೂದಲಿನಂಥ ಎಳೆಗಳುಳ್ಳ ಜೀವಕೋಶಗಳು ಸಾಲಾಗಿ ಕುಳಿತಿವೆ. ಇಟಲಿಯ ಅಲ್ಫೊನ್ಸೊ ಕೋರ್ಟಿ ಎಂಬ ವಿದ್ವಾಂಸರು 1851ರಲ್ಲಿ ಈ ಭಾಗವನ್ನು ವಿವರಿಸಿದುದರಿಂದ ಅದಕ್ಕೆ ಅವರ ಹೆಸರೇ ನಿಂತಿದೆ. ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000 ಕೋಶಗಳು. ದ್ರವದ ಅಲೆಗೆ ಕೂದಲು ಬಾಗಿದಾಗ ಕೋಶದೊಳಗೆ ಪೊಟ್ಯಾಸಿಯಂ ನುಗ್ಗುತ್ತದೆ. ಅದರಿಂದ ಹುಟ್ಟಿದ ಸಂಕೇತವನ್ನು ಶ್ರವಣನರದ ಸುಮಾರು 30,000 ಎಳೆಗಳು ಮಿದುಳಿಗೆ ಒಯ್ಯುತ್ತವೆ. ಹಕ್ಕಿಗಳಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ.

ಶಂಖದ ಬುಡವು ತೀಕ್ಷ್ಣವಾದ ದನಿಯನ್ನೂ, ತುದಿಯು ದಪ್ಪನೆಯ ದನಿಯನ್ನೂ ಗ್ರಹಿಸುತ್ತದೆ. ದ್ರವದ ಅಲೆಯು ಶಂಖದೊಳಗೆ ಸಾಗುವ ಬಗೆಯನ್ನು ತೋರಿಸಿದ ಗಿಯೋರ್ಗ್ ಫಾನ್ ಬೆಕೆಶಿ ಅವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇದನ್ನು ತಿಳಿದರೆ ನಮ್ಮ ಮನೆಗಳಲ್ಲಿ ನಡೆಯುವ ಒಂದು ತಪ್ಪು ಪರೀಕ್ಷೆಯ ಸ್ವರೂಪ ಸ್ಪಷ್ಟವಾಗುತ್ತದೆ. ಕೂಸಿಗೆ ಕೇಳುವುದೋ ಇಲ್ಲವೋ ಎಂದು ಅನುಮಾನ ಬಂದಾಗ ಹಿರಿಯರು ಹಿಂದೆ ನಿಂತು ತಾಟು ಬಡಿಯುತ್ತಾರೆ. ಕೂಸು ತಿರುಗಿದರೆ ‘ಎಲ್ಲ ಸರಿ ಐತಿ’ ಎನ್ನುತ್ತಾರೆ. ಡೊಳ್ಳು, ಹಲಗೆ, ಟ್ರ್ಯಾಕ್ಟರಿನ ಸದ್ದು ದಪ್ಪನೆಯದು. ಶಂಖದ ತುದಿಯಲ್ಲಿ ಸ್ವಲ್ಪ ಶಕ್ತಿ ಉಳಿದಿದ್ದರೂ ಇವು ಕೇಳುತ್ತವೆ. ಬಡಿದ ತಾಟಿನ ನಡುಕ ನೆಲದಿಂದಲೂ ತಿಳಿಯುತ್ತದೆ. ನೆರಳು ಕಣ್ಣಿಗೆ ಬೀಳುತ್ತದೆ. ಆದರೆ ಸ, ಶ, ಚ, ಥ ಮೊದಲಾದ ವ್ಯಂಜನಗಳು ತೀಕ್ಷ್ಣವಾದವು, ಮೆಲುವಾದವು. ಅವು ಕೇಳದ ಕೂಸಿಗೆ ಮಾತು ಎಂಬುದು ಅರ್ಥವಿಲ್ಲದ ಗುಂಯ್‌ಗುಟ್ಟುವಿಕೆ ಮಾತ್ರ. ತಾಟಿನ ಸದ್ದಿಗೆ ತಿರುಗಿದ ಕೂಸು ಮಾತನ್ನು ಕಲಿಯಬಲ್ಲದು ಎಂದು ತಿಳಿಯುವಂತಿಲ್ಲ.

ಗರ್ಭದಲ್ಲಿ ಶಂಖ ಸುತ್ತುವ ಬಗೆ

ಒಳಗಿವಿಯು ಗರ್ಭದ ನಾಲ್ಕನೆಯ ವಾರದಲ್ಲಿಯೇ ಮೊಳೆಯುತ್ತದೆ. ಭ್ರೂಣದ ತಲೆಯ ಎರಡು ಪಕ್ಕಗಳಲ್ಲಿ ಚರ್ಮವು ತುಸು ದಪ್ಪವಾಗಿ, ಒಳಕ್ಕೆ ಕುಸಿದು, ಪುಟ್ಟ ಗುಳ್ಳೆಯಾಗುತ್ತದೆ. ಆ ಗುಳ್ಳೆಯ ಒಂದು ಭಾಗ ನೀಳವಾಗಿ ಸುರುಳಿ ಸುತ್ತತೊಡಗುತ್ತದೆ. ಏಳನೆಯ ವಾರದ ಸುಮಾರಿಗೆ ಒಂದೂವರೆ ಸುತ್ತು, ಹತ್ತನೆಯ ವಾರದ ಹೊತ್ತಿಗೆ ಪೂರ್ಣ ಸುತ್ತು. ಸೂಕ್ಷ್ಮ ಕೋಶಗಳು ಪಕ್ವವಾಗಲು ಇನ್ನೂ ಕೆಲವು ತಿಂಗಳು ಬೇಕು. ಆರನೆಯ ತಿಂಗಳ ಸುಮಾರಿಗೆ ಕೂಸು ಹೊಟ್ಟೆಯೊಳಗಿನಿಂದಲೇ ಸದ್ದಿಗೆ ಸ್ಪಂದಿಸುತ್ತದೆ. ಹುಟ್ಟುವ ಹೊತ್ತಿಗೆ ಶಂಖವು ತನ್ನ ಪೂರ್ಣ ಅಳತೆಯನ್ನು ಮುಟ್ಟಿರುತ್ತದೆ. ತೊಟ್ಟಿಲಿನ ಕೂಸಿನ ಶಂಖಕ್ಕೂ ಅದರ ಅಜ್ಜನ ಶಂಖಕ್ಕೂ ಗಾತ್ರದಲ್ಲಿ ಭೇದವಿಲ್ಲ. ಎಳೆಯ ಮಗುವಿನ ಕಿವಿಯೊಳಗೆ ಇರಿಸಿದ ವಿದ್ಯುತ್ ತಂತಿಯನ್ನು ಮಗು ಬೆಳೆದಂತೆ ಬದಲಿಸಬೇಕಿಲ್ಲದಿರುವುದು ಇದೇ ಕಾರಣದಿಂದ.

ಇಲ್ಲಿ ತಾಯಂದಿರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಶಂಖದ ಸುತ್ತು ಹೆಚ್ಚುಕಡಿಮೆಯಾಗುವ ಆ ವಾರಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ತಿಳಿದಿರುವುದಿಲ್ಲ. ಗ್ರಹಣದಲ್ಲಿ ಹೊರಗೆ ಬಂದಳು, ಹರಕೆ ತೀರಿಸಲಿಲ್ಲ, ಪೂರ್ವಜನ್ಮದ ಪಾಪ ಎಂದು ಸೊಸೆಯನ್ನು ದೂಷಿಸುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು. ಶರಣರ ಮಾರ್ಗದಲ್ಲಿ ನಡೆಯುವವರ ಮನೆಯಲ್ಲಿ ಅಂಥ ಮಾತು ಹೊರಡಬಾರದು.

ಎರಡು ಬಗೆಯ ಕೊರತೆ

ಹುಟ್ಟಿನಿಂದ ಕೇಳದ ಮಕ್ಕಳನ್ನು ಸ್ಕ್ಯಾನ್ ಮಾಡಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಎಲುಬಿನ ಗುಹೆಯ ಆಕಾರದಲ್ಲಿಯೇ ಕೊರತೆ ಕಾಣುತ್ತದೆ. ಉಳಿದ ನಾಲ್ವರಲ್ಲಿ ಗುಹೆ ಚೆನ್ನಾಗಿಯೇ ಇದೆ. ಕೊರತೆ ಇರುವುದು ಒಳಗಿನ ಪೊರೆಗಳಲ್ಲಿ, ಕೋಶಗಳಲ್ಲಿ. ಅವು ಸ್ಕ್ಯಾನಿನ ಕಣ್ಣಿಗೆ ಬೀಳುವಷ್ಟು ದೊಡ್ಡವಲ್ಲ.

ಆದ್ದರಿಂದ ವರದಿಯಲ್ಲಿ ‘ನಾರ್ಮಲ್’ ಎಂದು ಬರೆದಿದ್ದರೆ ಮಗುವಿಗೆ ಕೇಳಿಸುತ್ತದೆ ಎಂದು ಅರ್ಥವಲ್ಲ. ‘ಸ್ಕ್ಯಾನ್ ಚಲೋ ಬಂದೈತಿ, ಮುಂದ ಮಾತು ಬರ್ತಾವ’ ಎಂದು ಮನೆಗೆ ಮರಳಿ ಎರಡು ವರ್ಷ ಸುಮ್ಮನಿದ್ದವರನ್ನು ನಾವು ಕಂಡಿದ್ದೇವೆ. ಗುಹೆಯ ಆಕಾರ ಸರಿಯಿದೆ ಎಂಬುದು ಶುಭವಾರ್ತೆ ನಿಜ. ಚಿಕಿತ್ಸೆಗೆ ದಾರಿ ಸುಗಮವಾಗಿದೆ ಎಂಬುದಷ್ಟೇ ಅದರ ಅರ್ಥ. ಕೇಳುವ ಶಕ್ತಿಯನ್ನು ಅಳೆಯುವ ಪರೀಕ್ಷೆ ಬೇರೆಯೇ ಇದೆ.

ಭಾರತದ ಮಕ್ಕಳಲ್ಲಿ ಈ ಕಾಣದ ಕೊರತೆಗೆ ಒಂದು ಮುಖ್ಯ ಕಾರಣ ಕನೆಕ್ಸಿನ್ 26 ಎಂಬ ಪ್ರೋಟೀನಿನ ದೋಷ. ಕೂದಲುಕೋಶಗಳಿಂದ ಹೊರಬಂದ ಪೊಟ್ಯಾಸಿಯಂ ಮತ್ತೆ ನಡುಗಾಲುವೆಗೆ ಮರಳಬೇಕು. ಪಕ್ಕದ ಕೋಶಗಳ ನಡುವೆ ಇರುವ ಸಣ್ಣ ಕಿಂಡಿಗಳ ಮೂಲಕ ಅದು ಸಾಗುತ್ತದೆ. ಆ ಕಿಂಡಿಯ ಕಟ್ಟಡಕ್ಕೆ ಬೇಕಾದ ಪ್ರೋಟೀನು ಇದು. ಕಿಂಡಿ ಕೆಟ್ಟರೆ ಗದ್ದೆಗೆ ನೀರು ಬಂದರೂ ಬಸಿಕಾಲುವೆ ಕಟ್ಟಿಕೊಂಡಂತೆ, ಬೆಳೆ ಉಳಿಯುವುದಿಲ್ಲ. ಇಂಥ ಮಕ್ಕಳ ಶ್ರವಣನರ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ; ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹಳ ಚೆನ್ನಾಗಿ ಮಾತು ಕಲಿಯುತ್ತಾರೆ.

ವರದಿಯ ಮಾತುಗಳು

ಈಗ ಆಕಾರದ ಕೊರತೆಗಳಿಗೆ ಬರೋಣ. ಎಲುಬಿನ ಗುಹೆಯನ್ನು ನೋಡಲು ಸಿ.ಟಿ. ಸ್ಕ್ಯಾನ್, ದ್ರವವನ್ನೂ ನರವನ್ನೂ ನೋಡಲು ಎಂ.ಆರ್.ಐ. ಒಂದು ಇನ್ನೊಂದರ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು. ವೈದ್ಯರು ಎರಡನ್ನೂ ಬರೆದುಕೊಟ್ಟರೆ ಹಣಕ್ಕಾಗಿ ಬರೆದರೆಂದು ಶಂಕಿಸಬೇಕಾಗಿಲ್ಲ.

ಮೊದಲನೆಯದು ಮೊಂಡಿನಿ ದೋಷ. 1791ರಲ್ಲಿ ಇಟಲಿಯ ಬೊಲೊನ್ಯಾದ ಕಾರ್ಲೊ ಮೊಂಡಿನಿ ಎಂಬ ವೈದ್ಯರು ಹುಟ್ಟುಕಿವುಡನಾಗಿದ್ದ ಎಂಟು ವರ್ಷದ ಬಾಲಕನ ಒಳಗಿವಿಯನ್ನು ಛೇದಿಸಿ ನೋಡಿದರು. ಆ ಬಾಲಕನ ಕಾಲಿನ ಮೇಲೆ ಬಂಡಿ ಹರಿದು, ಗಾಯ ಕೊಳೆತು ಅವನು ತೀರಿಕೊಂಡಿದ್ದನು. ಶಂಖದಲ್ಲಿ ಒಂದೂವರೆ ಸುತ್ತು ಮಾತ್ರ ಇರುವುದು ಕಂಡುಬಂದಿತು. ಬುಡದ ಸುತ್ತು ಸರಿಯಾಗಿದ್ದು, ಮೇಲಿನ ಸುತ್ತುಗಳ ನಡುವಿನ ಗೋಡೆ ಇಲ್ಲದೆ ಒಂದೇ ಕೋಣೆಯಂತಾಗಿರುವ ರೂಪಕ್ಕೆ ಇಂದಿಗೂ ಆ ಹೆಸರಿದೆ. ಬುಡ ಉಳಿದಿರುವುದರಿಂದ ಈ ಮಕ್ಕಳಲ್ಲಿ ಚಿಕಿತ್ಸೆ ಫಲಿಸುವ ಭರವಸೆ ಹೆಚ್ಚು.

ಎರಡನೆಯದು ಅಗಲವಾದ ವೆಸ್ಟಿಬ್ಯುಲಾರ್ ನಾಲೆ. ಒಳಗಿವಿಯಿಂದ ಮಿದುಳಿನ ಕಡೆಗೆ ಹೋಗುವ ಕೂದಲೆಳೆಯಂಥ ಎಲುಬಿನ ನಾಲೆಯೊಂದಿದೆ. ನಡುವಿನಲ್ಲಿ ಅದರ ಅಗಲ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅದು ದೋಷವೆಂದು 1978ರಿಂದ ವೈದ್ಯರು ಗುರುತಿಸುತ್ತ ಬಂದಿದ್ದಾರೆ. ಈ ಮಗು ಹುಟ್ಟಿದಾಗ ಕೇಳುತ್ತಿರಬಹುದು, ಎರಡು ಮಾತು ಆಡಿರಲೂಬಹುದು. ಆಮೇಲೆ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಶ್ರವಣಶಕ್ತಿ ಮೆಟ್ಟಿಲು ಇಳಿದಂತೆ ಒಮ್ಮೆಲೆ ಇಳಿಯಬಹುದು. ಆದುದರಿಂದ ಇಂಥ ಮಕ್ಕಳ ಕಪಾಳಕ್ಕೆ ಯಾರೂ ಹೊಡೆಯಬಾರದು. ಶಾಲೆಯ ಗುರುಗಳಿಗೂ ಇದನ್ನು ತಿಳಿಸಬೇಕು. ಗರಡಿಮನೆ ಮತ್ತು ಕುಸ್ತಿಯ ಅಭಿಮಾನ ನಮ್ಮ ಗಡಿಭಾಗದಲ್ಲಿ ದೊಡ್ಡದು; ಆದರೆ ತಲೆಗೆ ಪೆಟ್ಟಾಗುವ ಆಟಗಳಿಂದ ಈ ಮಗುವನ್ನು ದೂರವಿಡುವಂತೆ ವೈದ್ಯರು ಸಲಹೆ ನೀಡುತ್ತಾರೆ. ಬೈಕಿನ ಮೇಲೆ ಕೂರಿಸಿದಾಗ ಶಿರಸ್ತ್ರಾಣ ಇರಲಿ. ಇವರಲ್ಲಿ ಕೆಲವರಿಗೆ ಮುಂದೆ ಗಳಗಂಡವೂ ಕಾಣಿಸಿಕೊಳ್ಳುವುದರಿಂದ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕು.

ಮೂರನೆಯದು ಒಂದೇ ಕೋಣೆಯ ಒಳಗಿವಿ. ಶಂಖವೂ ಸಮತೋಲದ ಭಾಗವೂ ಬೇರೆಯಾಗದೆ ಒಂದೇ ಗುಳ್ಳೆಯಾಗಿ ಉಳಿದಿರುತ್ತದೆ. ನಾಲ್ಕನೆಯದು ಒಳಗಿವಿಯೇ ಇಲ್ಲದಿರುವುದು. ಇದು ಅತಿ ವಿರಳ. 1863ರಲ್ಲಿ ಇದನ್ನು ವರ್ಣಿಸಿದ ಮಿಶೆಲ್ ಅವರ ಹೆಸರಿನಿಂದ ಕರೆಯುತ್ತಾರೆ. ಐದನೆಯದು ಶಂಖವಿದ್ದೂ ಶ್ರವಣನರ ತೆಳುವಾಗಿರುವುದು ಅಥವಾ ಇಲ್ಲದಿರುವುದು. ವೀಣೆಯಿದೆ, ತಂತಿಯಿಲ್ಲ ಎಂಬಂಥ ಸ್ಥಿತಿ. ಇದನ್ನು ಎಂ.ಆರ್.ಐ. ಮಾತ್ರ ಸರಿಯಾಗಿ ತೋರಿಸಬಲ್ಲದು. ನರವೇ ಇಲ್ಲದ ಕಿವಿಯಲ್ಲಿ ಶ್ರವಣಸಾಧನವಾಗಲಿ ಕಾಕ್ಲಿಯರ್ ಇಂಪ್ಲಾಂಟ್ ಆಗಲಿ ಕೆಲಸ ಮಾಡದು. ಆ ಸತ್ಯವನ್ನು ಮೊದಲೇ ತಿಳಿದರೆ ಶಸ್ತ್ರಚಿಕಿತ್ಸೆಯ ಕಷ್ಟವೂ ಖರ್ಚೂ ತಪ್ಪುತ್ತವೆ. ಮಗುವಿಗೆ ಬೇರೆ ದಾರಿಯಲ್ಲಿ ಭಾಷೆಯನ್ನು ಕಲಿಸಲು ಕಾಲ ದೊರೆಯುತ್ತದೆ.

ಆಕಾರದೋಷವಿರುವ ಕೆಲವು ಕಿವಿಗಳಲ್ಲಿ ಮಿದುಳಿನ ಸುತ್ತಲಿನ ದ್ರವಕ್ಕೂ ಒಳಗಿವಿಗೂ ನಡುವೆ ಇರಬೇಕಾದ ಗೋಡೆ ಸಡಿಲವಾಗಿರುತ್ತದೆ. ಮಗುವಿಗೆ ಮಿದುಳುಪೊರೆಯ ಜ್ವರ ಮತ್ತೆ ಮತ್ತೆ ಬಂದರೆ, ಅಥವಾ ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥ ತಿಳಿದ್ರವ ಸುರಿದರೆ, ನೆಗಡಿ ಎಂದು ಬಿಡದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಹಾಗೆಯೇ ಆರೋಗ್ಯವಾಗಿದ್ದ ಮಗುವಿಗೆ ಮಿದುಳುಜ್ವರ ಬಂದು ಗುಣವಾದ ಕೂಡಲೇ ಕಿವಿಯ ಪರೀಕ್ಷೆಯನ್ನು ಮಾಡಿಸಬೇಕು. ಆ ರೋಗದ ಅನಂತರ ಶಂಖದೊಳಗೆ ಕೆಲವೇ ವಾರಗಳಲ್ಲಿ ಎಲುಬು ಬೆಳೆದು ಕಾಲುವೆ ಮುಚ್ಚಿಹೋಗಬಹುದು. ಮುಚ್ಚಿದ ಮೇಲೆ ತಂತಿಯನ್ನು ಸೇರಿಸುವುದು ಬಹಳ ಕಷ್ಟ.

ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿಯ ಬಗ್ಗೆ ಒಂದು ಮಾತು. ಕೊಳವೆಗೆ ಬಿಟ್ಟ ಎಣ್ಣೆ ತಮಟೆಯ ಪೊರೆಯ ಬಳಿ ನಿಲ್ಲುತ್ತದೆ. ಅದರ ಆಚೆ ಗಾಳಿಯ ಕೋಣೆ, ಅದರ ಆಚೆ ಎಲುಬಿನ ಗುಹೆ. ಎಣ್ಣೆಯಾಗಲಿ ಸೊಪ್ಪಿನ ರಸವಾಗಲಿ ಒಳಗಿವಿಯನ್ನು ತಲುಪುವ ದಾರಿಯೇ ಇಲ್ಲ. ಬಿಸಿಯೆಣ್ಣೆಯಿಂದ ಪೊರೆ ಸುಟ್ಟರೆ ಇದ್ದ ಶ್ರವಣವೂ ಕೆಡುತ್ತದೆ.

ತಡವಾಗಿ ನಡೆಯುವ ಮಗು

ಕೇಳುವುದಕ್ಕೂ ಸಮತೋಲಕ್ಕೂ ಒಂದೇ ಗುಹೆ ಎಂದು ಮೇಲೆ ಹೇಳಿದೆವು. ಕೇಳದ ಮಕ್ಕಳಲ್ಲಿ ಹಲವರಿಗೆ ಸಮತೋಲದ ಅಂಗವೂ ದುರ್ಬಲವಾಗಿರುತ್ತದೆ. ಕುತ್ತಿಗೆ ನಿಲ್ಲುವುದು ತಡ, ಕೂರುವುದು ತಡ, ಒಂದೂವರೆ ವರ್ಷ ದಾಟಿದರೂ ನಡಿಗೆ ಇಲ್ಲ. ಕಾಲಿನ ಶಕ್ತಿ ಸಾಲದೆಂದು ಮಾಲೀಶು ಮಾಡುತ್ತ ಕೂರುವರು. ಕ್ರಮೇಣ ಕಣ್ಣಿನ ಆಸರೆಯಿಂದಲೂ ಪಾದದ ಸ್ಪರ್ಶದಿಂದಲೂ ಮಗು ನಡೆಯಲು ಕಲಿಯುತ್ತದೆ, ಓಡುತ್ತದೆ. ಎಲ್ಲರೂ ಆ ಸಂಗತಿಯನ್ನು ಮರೆಯುತ್ತಾರೆ.

ಅಪಾಯವಿರುವುದು ನೀರಿನಲ್ಲಿ. ಕಣ್ಣು ಮುಚ್ಚಿ ನೀರಿನೊಳಗೆ ಮುಳುಗಿದಾಗ ಮೇಲು ಯಾವುದು ಕೆಳಗು ಯಾವುದು ಎಂದು ನಮಗೆ ತಿಳಿಸುವುದು ಒಳಗಿವಿ. ಅದು ಕೆಲಸ ಮಾಡದ ಮಗುವಿಗೆ ಕಲಕಿದ ನೀರಿನಲ್ಲಿ ಕಣ್ಣೂ ಇಲ್ಲ, ನೆಲವೂ ಇಲ್ಲ. ಈಜು ಬಲ್ಲ ಹುಡುಗನೂ ಮೇಲಕ್ಕೆಂದು ಕೆಳಕ್ಕೆ ಹೋಗಬಹುದು. ಕೃಷ್ಣೆಯ ದಂಡೆಯ ಯಡೂರು, ಅಂಕಲಿ, ಕುಡಚಿ, ಉಗಾರ ಮೊದಲಾದ ಊರುಗಳಲ್ಲಿಯೂ, ಬಾವಿ, ಕಾಲುವೆ, ಕೃಷಿಹೊಂಡಗಳಿರುವ ತೋಟದ ಮನೆಗಳಲ್ಲಿಯೂ ವಾಸಿಸುವ ಭಕ್ತರು ಇದನ್ನು ಗಮನಿಸಬೇಕು. ಕೇಳದ ಮಗುವನ್ನು ಒಬ್ಬನನ್ನೇ ನೀರಿಗೆ ಬಿಡಬಾರದು. ದಂಡೆಯ ಮೇಲೆ ನಿಂತು ಕೂಗಿದರೂ ಅದಕ್ಕೆ ಕೇಳದು ಎಂಬುದನ್ನು ಮರೆಯಬಾರದು. ಜಾತ್ರೆಯ ಪುಣ್ಯಸ್ನಾನದಲ್ಲಿ ಕೈ ಹಿಡಿದೇ ಇರಬೇಕು.

ಇನ್ನೊಂದು ವಿರಳವಾದ, ಆದರೆ ಪ್ರಾಣಾಂತಿಕವಾದ ಸಂಗತಿ. ಒಳಗಿವಿಯ ದ್ರವಕ್ಕೆ ಪೊಟ್ಯಾಸಿಯಂ ಒದಗಿಸುವ ಒಂದು ಬಗೆಯ ಕಿಂಡಿ ಹೃದಯದಲ್ಲಿಯೂ ಇದೆ. ಅದು ಕೆಟ್ಟ ಮಗುವಿಗೆ ಕಿವುಡೂ ಇರುತ್ತದೆ, ಓಡಿದಾಗ ಅಥವಾ ಹೆದರಿದಾಗ ಮೂರ್ಛೆಯೂ ಬರುತ್ತದೆ. ಹುಟ್ಟಿನಿಂದ ಕೇಳದ ಮಗು ಮೂರ್ಛೆ ಹೋದರೆ ಪೀಡೆ ಎಂದೋ ಫಿಟ್ಸ್ ಎಂದೋ ತೀರ್ಮಾನಿಸದೆ ಮೊದಲು ಇ.ಸಿ.ಜಿ. ಮಾಡಿಸಬೇಕು. ಇದಕ್ಕೆ ಔಷಧಿಯಿದೆ, ಅದು ಜೀವ ಉಳಿಸುತ್ತದೆ.

ಸಂಬಂಧದೊಳಗಿನ ಮದುವೆ

ಈ ವಿಷಯವನ್ನು ಬಿಡುವುದು ಪ್ರಾಮಾಣಿಕವಾಗದು. ಮದುವೆ ಕೂಡಿಸುವಾಗ ಬೆಡಗು ಬೇರೆಯಾಗಿದೆಯೇ ಎಂದು ನಾವು ತಪ್ಪದೆ ನೋಡುತ್ತೇವೆ. ಆದರೆ ಬೆಡಗು ತಂದೆಯ ಕಡೆಯಿಂದ ಬರುವುದು. ಅಕ್ಕನ ಮಗಳನ್ನು ಅಥವಾ ಸೋದರಮಾವನ ಮಗಳನ್ನು ತಂದುಕೊಂಡಾಗ ಬೆಡಗು ಬೇರೆ ಇದ್ದರೂ ರಕ್ತ ಒಂದೇ. ಸೋದರಮಾವನಿಗೂ ಅಕ್ಕನ ಮಗಳಿಗೂ ವಂಶವಾಹಿಗಳಲ್ಲಿ ನಾಲ್ಕನೆಯ ಒಂದು ಪಾಲು, ಅತ್ತೆ-ಮಾವಂದಿರ ಮಕ್ಕಳ ನಡುವೆ ಎಂಟನೆಯ ಒಂದು ಪಾಲು ಸಮಾನ. ಕಿವುಡುತನದ ದೋಷವಿರುವ ವಂಶವಾಹಿ ಒಂದೇ ಇದ್ದರೆ ಏನೂ ಆಗದು. ತಂದೆಯಿಂದ ಒಂದು, ತಾಯಿಯಿಂದ ಒಂದು ಸೇರಿದಾಗ ಮಗುವಿಗೆ ಕೇಳುವುದಿಲ್ಲ. ತಂದೆತಾಯಿ ಇಬ್ಬರಿಗೂ ಚೆನ್ನಾಗಿ ಕೇಳುತ್ತಿರುತ್ತದೆ. ಅಂಥ ದಂಪತಿಗಳ ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. ‘ಒಂದಕ್ಕ ಆಗೇತಿ, ಇನ್ನ ಆಗೂದಿಲ್ಲ’ ಎಂಬುದು ಲೆಕ್ಕವಲ್ಲ.

ಆಗಿಹೋದ ಮದುವೆಯ ಬಗ್ಗೆ ಪಶ್ಚಾತ್ತಾಪ ಪಡುವುದರಿಂದ ಫಲವಿಲ್ಲ. ಮುಂದಿನ ಮದುವೆಗಳನ್ನು ಮಾತನಾಡುವಾಗ, ಮನೆತನದಲ್ಲಿ ಹುಟ್ಟುಕಿವುಡರು ಇದ್ದರೆ, ಆಸ್ತಿಯ ಲೆಕ್ಕಕ್ಕಿಂತ ಮೊದಲು ಈ ಲೆಕ್ಕವನ್ನು ಹಾಕಬೇಕು.

ಸಂಬಂಧದ ಮದುವೆಯಿಲ್ಲದೆಯೂ ದೋಷ ಬರಬಹುದು. ಬಸುರಿನ ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ಸೋಂಕು ತಗುಲಿದರೆ ಕೂಸಿನ ಒಳಗಿವಿ, ಕಣ್ಣು, ಹೃದಯಗಳಿಗೆ ಹಾನಿಯಾಗುತ್ತದೆ. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಮೊದಲ ಹಂತದಲ್ಲೇ ಕರ್ನಾಟಕದಲ್ಲಿ ನಡೆಯಿತು. ಈಗ ಒಂಬತ್ತು ತಿಂಗಳು ತುಂಬಿದ ಕೂಸಿಗೂ ಮತ್ತೆ ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೂ ಉಚಿತವಾಗಿ ಹಾಕುತ್ತಾರೆ. ತಿಂಗಳು ತುಂಬದೆ ಹುಟ್ಟಿದ, ಹೆಚ್ಚಿನ ಕಾಮಾಲೆಯಾದ, ಗಾಜಿನ ಪೆಟ್ಟಿಗೆಯಲ್ಲಿ ಬಹುದಿನ ಇದ್ದ ಕೂಸುಗಳಿಗೆ ಶ್ರವಣ ಪರೀಕ್ಷೆ ಕಡ್ಡಾಯವೆಂದು ತಿಳಿಯಬೇಕು.

ಕಾಲದ ಲೆಕ್ಕ

ಒಳಗಿವಿಯ ಕೊರತೆಗೆ ಕಾಲ ಏಕೆ ಅಷ್ಟು ಮುಖ್ಯ? ಮಾತನ್ನು ಅರಿಯುವುದು ಕಿವಿಯಲ್ಲ, ಮಿದುಳು. ಮೊದಲ ಮೂರು-ಮೂರೂವರೆ ವರ್ಷ ಮಿದುಳಿನ ಶ್ರವಣಕ್ಷೇತ್ರ ಹದವಾದ ಹೊಲದಂತಿರುತ್ತದೆ. ಆಗ ಬೀಜ ಬೀಳದಿದ್ದರೆ ಆ ಹೊಲವನ್ನು ಕಣ್ಣು ಮೊದಲಾದ ಇಂದ್ರಿಯಗಳು ಆಕ್ರಮಿಸುತ್ತವೆ. ಹದ ಮೀರಿದ ಮೇಲೆ ಬಿತ್ತಿದರೆ ಬೆಳೆ ಎಷ್ಟು ಬರುವುದೆಂದು ನಮ್ಮ ರೈತಬಂಧುಗಳಿಗೆ ನಾವು ಹೇಳಬೇಕಾಗಿಲ್ಲ.

ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ: ಇದು ಜಗತ್ತಿನ ತಜ್ಞರು ಒಪ್ಪಿದ ಕ್ರಮ. ಮೊದಲ ಪರೀಕ್ಷೆಯ ಹೆಸರು ಓ.ಎ.ಇ. ಮಲಗಿದ ಕೂಸಿನ ಕಿವಿಯಲ್ಲಿ ಮೆತ್ತನೆಯ ಬಿರಡೆಯನ್ನಿಟ್ಟು, ಹೊರಸಾಲಿನ ಕೂದಲುಕೋಶಗಳು ತಾವೇ ಹೊಮ್ಮಿಸುವ ಅತಿ ಸಣ್ಣ ದನಿಯನ್ನು ಯಂತ್ರ ಆಲಿಸುತ್ತದೆ. ಎರಡನೆಯದು ಬೆರಾ, ತಲೆಗೆ ಅಂಟಿಸಿದ ತಂತಿಗಳಿಂದ ಶ್ರವಣನರದ ಸಂಕೇತವನ್ನು ಅಳೆಯುತ್ತಾರೆ. ಎರಡರಲ್ಲಿಯೂ ನೋವಿಲ್ಲ. ಕಾಮಾಲೆಯಿಂದ ನರ ಕೆಟ್ಟ ಕೂಸಿಗೆ ಓ.ಎ.ಇ. ಸರಿಯಾಗಿದ್ದೂ ಬೆರಾ ಕೆಟ್ಟಿರಬಹುದಾದ್ದರಿಂದ ಅಂಥವರಿಗೆ ಎರಡೂ ಬೇಕು.

ದೋಷ ನಿಶ್ಚಯವಾದ ಕೂಡಲೇ ಎರಡೂ ಕಿವಿಗೆ ಶ್ರವಣಸಾಧನ ಹಾಕಿ ಮಾತಿನ ತರಬೇತಿಯನ್ನು ಪ್ರಾರಂಭಿಸುತ್ತಾರೆ. ಅದು ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್. ಶಂಖದೊಳಗೆ ಸಣ್ಣ ತಂತಿಯನ್ನು ಸೇರಿಸಿ, ಸತ್ತ ಕೂದಲುಕೋಶಗಳನ್ನು ದಾಟಿ ನೇರವಾಗಿ ನರವನ್ನೇ ಪ್ರಚೋದಿಸುವ ಉಪಾಯ ಇದು. ಅದಕ್ಕೆ ಮುನ್ನ ನ್ಯುಮೊಕಾಕಲ್ ಲಸಿಕೆ ಹಾಕಿಸಬೇಕು. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ. ಅನಂತರದ ತರಬೇತಿ ವರ್ಷಗಳ ಕಾಯಕ. ಯಂತ್ರ ಹಾಕಿಸಿ ತರಬೇತಿ ಬಿಟ್ಟರೆ ಬಾವಿ ತೋಡಿ ನೀರು ಸೇದದೆ ಬಿಟ್ಟಂತೆ.

ಗಡಿಭಾಗದ ತಾಯಂದಿರು, ಮಗುವಿನೊಂದಿಗೆ ಕನ್ನಡದಲ್ಲಿ ಮಾತನಾಡಬೇಕೋ ಮರಾಠಿಯಲ್ಲೋ ಎಂದು ಕೇಳುವುದುಂಟು. ತಾಯಿಯ ಬಾಯಿಂದ ದಿನವಿಡೀ ಸಹಜವಾಗಿ ಹೊರಡುವ ಭಾಷೆಯೇ ಮಗುವಿಗೆ ಮೊದಲ ಭಾಷೆ. ರೊಟ್ಟಿ ಬಡಿಯುವಾಗ, ಕಸ ಗುಡಿಸುವಾಗ, ಬೀಡಿ ಕಟ್ಟುವಾಗ, ಲಿಂಗಪೂಜೆಗೆ ಬಿಲ್ವಪತ್ರೆ ಜೋಡಿಸುವಾಗ ಮಾಡುತ್ತಿರುವುದನ್ನೆಲ್ಲ ಮುಖ ತೋರಿಸಿ ಮಾತಾಗಿ ಹೇಳುತ್ತಿರಬೇಕು.

ಎಲ್ಲಿಗೆ ಹೋಗಬೇಕು?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕು. ಹುಟ್ಟುಕಿವುಡು ಅದು ಗುರುತಿಸುವ ದೋಷಗಳಲ್ಲಿ ಒಂದು. ಆಶಾ ಕಾರ್ಯಕರ್ತೆಯರಿಗೆ ಅಥವಾ ಅಂಗನವಾಡಿಯ ಅಕ್ಕನವರಿಗೆ ಅನುಮಾನವನ್ನು ತಿಳಿಸಿದರೆ ಜಿಲ್ಲಾ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆಯಿದೆ. ಬೆಳಗಾವಿಯಲ್ಲಿ ಸರ್ಕಾರದ ಬಿಮ್ಸ್ ಆಸ್ಪತ್ರೆಯೂ ಕೆ.ಎಲ್.ಇ. ಸಂಸ್ಥೆಯ ಆಸ್ಪತ್ರೆಯೂ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕಾರ್ಯದಲ್ಲಿ ನಿರತವಾಗಿದೆ. ಅಲ್ಲಿ ಮಕ್ಕಳ ಜೊತೆಗೆ ತಾಯಂದಿರಿಗೂ ತರಬೇತಿಯಿದೆ. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಮರಾಠಿ ಬಲ್ಲ ಕುಟುಂಬಗಳಿಗೆ ಅನುಕೂಲ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ, ಮಾತು ಕಲಿಯುವ ಮುನ್ನವೇ ಕಿವುಡಾದ ಐದು ವರ್ಷದೊಳಗಿನ ಬಡ ಮಕ್ಕಳಿಗೆ ಇಂಪ್ಲಾಂಟ್ ಒದಗಿಸಲು ಅವಕಾಶವಿದೆ. ಐದು ವರ್ಷ ಎಂದು ಕಾದು ಕೂರಬಾರದು. ಒಂದು ವರ್ಷಕ್ಕೇ ಅರ್ಜಿಯ ಕೆಲಸ ಮುಗಿದಿರಲಿ.

ನರವಿಲ್ಲದ ಮಗುವಿಗೆ, ಕಾಲ ಮೀರಿದ ಮಗುವಿಗೆ ದಾರಿಯೇ ಇಲ್ಲವೆಂದು ತಿಳಿಯಬಾರದು. ಸಂಜ್ಞಾಭಾಷೆ ಪೂರ್ಣವಾದ ಭಾಷೆ. ಅದರ ಸಂಶೋಧನೆಗೂ ತರಬೇತಿಗೂ 2015ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಗಿದೆ. ಮನೆಮಂದಿಯೆಲ್ಲ ಅದನ್ನು ಕಲಿಯಬೇಕು. ‘ಮೂಕ’ ಎಂಬ ಅಡ್ಡಹೆಸರಿನಿಂದ ಮಗುವನ್ನು ಕರೆಯುವ ರೂಢಿ ನಮ್ಮ ಊರುಗಳಿಂದ ತೊಲಗಬೇಕು. ತೊಟ್ಟಿಲಲ್ಲಿ ಇಟ್ಟ ಹೆಸರು ಅದಕ್ಕೂ ಇದೆ.

ನಮ್ಮ ದಾಸೋಹ

ಕಾರ್ತಿಕದಿಂದ ಶಿವರಾತ್ರಿಯವರೆಗೆ ನಮ್ಮ ಹೊಲಗಳಲ್ಲಿ ಕಬ್ಬು ಕಡಿಯಲು ಬರುವ ಕುಟುಂಬಗಳ ಮಕ್ಕಳು ಯಾವ ಅಂಗನವಾಡಿಯ ಪುಸ್ತಕದಲ್ಲಿಯೂ ಸೇರದೆ ಉಳಿಯುವುದುಂಟು. ತಮ್ಮ ಹೊಲದ ಜೋಪಡಿಯಲ್ಲಿ ಎರಡು ವರ್ಷದ ಮಗು ಹೆಸರು ಕರೆದರೆ ತಿರುಗುತ್ತದೆಯೇ ಎಂದು ನೋಡುವುದೂ, ತಿರುಗದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸುವುದೂ ಹೊಲದ ಒಡೆಯನ ದಾಸೋಹ. ಮೈಸೂರಿಗೆ ಹೋಗಬೇಕಾದ ಬಡ ತಾಯಿಯ ಮನೆಯ ದನಕರುಗಳನ್ನು ಎಂಟು ದಿನ ನೋಡಿಕೊಳ್ಳುವುದು ನೆರೆಯವರ ದಾಸೋಹ. ಪ್ರತಿವರ್ಷ ಮಾರ್ಚ್ 3ನ್ನು ವಿಶ್ವ ಶ್ರವಣ ದಿನವಾಗಿ ಆಚರಿಸುತ್ತಾರೆ. ಅದರ ದಾರಿ ಕಾಯದೆ ಈ ವಾರವೇ ತಮ್ಮ ಮನೆಯ, ನೆರೆಮನೆಯ ಕೂಸುಗಳನ್ನು ಗಮನಿಸಬೇಕೆಂದು ಭಕ್ತರಲ್ಲಿ ಪ್ರಾರ್ಥಿಸುತ್ತೇವೆ.

ಕೇಳದ ಮಗುವಿನ ದೀಕ್ಷೆಯ ಬಗೆಗೆ ಸಂದೇಹಪಡುವ ತಾಯಂದಿರಿಗೆ ಕೊನೆಯದಾಗಿ ಒಂದು ಮಾತು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣಿನಿಂದ ನೋಡುವುದು ನಮ್ಮ ಪೂಜೆ. ಆ ಅಂಗೈಯೂ ಆ ಕಣ್ಣೂ ಈ ಮಗುವಿಗೆ ಪೂರ್ಣವಾಗಿವೆ. ಗುರುವಿನ ಮುಂದೆ ಅದನ್ನು ಕೂರಿಸಲು ಹಿಂಜರಿಯಬೇಡಿರಿ. ವೈದ್ಯರ ಮುಂದೆ ಕೂರಿಸಲು ತಡಮಾಡಬೇಡಿರಿ.